ಆನೆಗೇಟಿನ ಏರು

ಕಾವುತಿಂಗಳು, ನಲವತ್ತೊಂದನೆಯ ದಿನ, ೨೧೪೮
ಕಲ್ಕುಣಿ, ಹೊನ್ನಾರೆ ಬೆಟ್ಟದ ಬುಡ

ಈ ಗಾಡಿಯನ್ನು ಮೊಟ್ಟಮೊದಲು ಕೊಂಡವರಿಗೆ ನಮಸ್ಕಾರ.

ತಿಂಗಳಿಗೆ ನಲವತ್ತೊಂದನೆಯ ದಿನ ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸಬಹುದು. ನಮ್ಮಲ್ಲಿ ಬೇಸಗೆ ಎಳೆದಷ್ಟೂ ಎಳೆಯುತ್ತದೆ. ಅದನ್ನು ತುಂಡು ಮಾಡಿ ಬೇರೆ ಬೇರೆ ಹೆಸರಿಟ್ಟರೆ ಬಿಸಿಲೇನೂ ಕಡಿಮೆಯಾಗುವುದಿಲ್ಲವೆಂದು ನಮ್ಮ ಸರ್ಕಾರದವರು ಇಡೀ ಬೇಸಗೆಯನ್ನೇ ಒಂದು ತಿಂಗಳೆಂದು ಕರೆದುಬಿಟ್ಟರು. ಅದೇ ಕಾವುತಿಂಗಳು. ನನ್ನ ಮಾತು ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಹಳೆಯ ಪಾಠಗಳಿಂದ ಕಲಿತವಳು. ಎಲ್ಲಿ ಗೌರವ ಹೆಚ್ಚಾಯಿತು, ಎಲ್ಲಿ ಸಲಿಗೆ ಹೆಚ್ಚಾಯಿತು ಎಂಬ ಅಂದಾಜು ನನಗಿಲ್ಲ. ಗೊತ್ತಿಲ್ಲದ ಪದ ಬಂದಲ್ಲಿ ಅರ್ಥ ಹೇಳುತ್ತೇನೆ. ನಾನು ಚಿಕ್ಕಮಕ್ಕಳ ಶಾಲೆಯ ಮೇಷ್ಟ್ರಮ್ಮ, ಹೆಸರು ಕೆಂಪಮಣಿ. ಅರ್ಥ ಹೇಳದೆ ಮುಂದೆ ಹೋಗುವುದು ನನ್ನಿಂದ ಆಗದ ಕೆಲಸ.

ನಿಮ್ಮ ಹೆಸರು ನನಗೆ ತಿಳಿಯದು. ಗಂಡಸೋ ಹೆಂಗಸೋ ಅದೂ ತಿಳಿಯದು. ಆದರೆ ನಿಮ್ಮ ಎಡಗಾಲು ನನಗೆ ಚೆನ್ನಾಗಿ ಗೊತ್ತು. ಗಾಡಿಯ ಮೂರು ಪೆಡಲ್‌ಗಳಲ್ಲಿ ಎಡಗಡೆಯದರ ರಬ್ಬರು ಒಂದೇ ಪಕ್ಕಕ್ಕೆ ಸವೆದಿದೆ. ಕೆಲಸವಿಲ್ಲದಾಗಲೂ ನೀವು ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಿದ್ದಿರಿ ಎಂದು ನಮ್ಮ ಅತ್ತೆ ದುಂಡಮ್ಮ ಬೈಯುತ್ತಾಳೆ. ಅವಳ ಅಜ್ಜನ ಕಾಲಕ್ಕೇ ಅದು ಹಾಗಿತ್ತಂತೆ. ಆ ಸವೆದ ಗುಳಿಯಲ್ಲಿ ನನ್ನ ಪಾದ ಸರಿಯಾಗಿ ಕೂರುತ್ತದೆ. ಸೋಮವಾರ ಈ ಗಾಡಿಯನ್ನು ಒಡೆದು ಹಾಕಲು ಬರುತ್ತಾರೆ. ಅದಕ್ಕೆ ಮುಂಚೆ ನಡೆದದ್ದನ್ನು ಯಾರಿಗಾದರೂ ಹೇಳಬೇಕು. ನಮ್ಮ ಕಾಲದವರಿಗೆ ಹೇಳಿದರೆ ಅರ್ಥವಾಗುವುದಿಲ್ಲ, ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಹೇಗೆ ತಲುಪುತ್ತದೆ ಎಂದು ಮಾತ್ರ ಕೇಳಬೇಡಿ.

ಮೊದಲು ನಮ್ಮ ಓಡಾಟದ ಬಗ್ಗೆ ಹೇಳಬೇಕು. ನಾವು ಒಯ್ಯುಗಗಳಲ್ಲಿ ಹೋಗುತ್ತೇವೆ. ಒಯ್ಯುಗವೆಂದರೆ ತಾನೇ ಬಂದು, ತಾನೇ ಹತ್ತಿಸಿಕೊಂಡು, ತಾನೇ ಒಯ್ಯುವ ಗಾಡಿ. ಅದಕ್ಕೆ ಸ್ಟೇರಿಂಗ್ ಇಲ್ಲ, ಪೆಡಲ್ ಇಲ್ಲ, ಮುಂದಿನ ಸೀಟು ಹಿಂದಿನ ಸೀಟು ಎಂಬುದೂ ಇಲ್ಲ. ಪಡಸಾಲೆಯಲ್ಲಿ ಕೂತ ಹಾಗೆ ಎದುರು ಬದುರು ಕೂರುತ್ತೇವೆ. ಹೆಂಗಸರು ಸೊಪ್ಪು ಬಿಡಿಸುತ್ತಾರೆ, ಗಂಡಸರು ಗೊರಕೆ ಹೊಡೆಯುತ್ತಾರೆ. ಅದರ ನಕಾಶೆಯಲ್ಲಿರುವ ದಾರಿಯಲ್ಲಿ ಮಾತ್ರ ಅದು ಹೋಗುತ್ತದೆ. ನಕಾಶೆಯಿಂದ ಇಳಿಸಿದ ದಾರಿಗೆ ನಾವು ಮರೆದಾರಿ ಎನ್ನುತ್ತೇವೆ. ಕಣ್ಣೆದುರೇ ಇದ್ದರೂ ಒಯ್ಯುಗದ ಪಾಲಿಗೆ ಅದು ಇಲ್ಲ. ಸ್ವಲ್ಪ ಅನುಮಾನ ಬಂದರೂ ಒಯ್ಯುಗ ನಿಂತುಬಿಡುತ್ತದೆ. ಧೂಳೆದ್ದರೆ ನಿಲ್ಲುತ್ತದೆ, ದಾರಿಗೆ ಕೊಂಬೆ ಬಿದ್ದರೆ ನಿಲ್ಲುತ್ತದೆ, ಟಾರು ಕಾದು ಮೆತ್ತಗಾದರೆ ನಿಲ್ಲುತ್ತದೆ. ನಿಂತು, ದಯವಿಟ್ಟು ಕಾಯಿರಿ ಎಂದು ಬಹಳ ಮರ್ಯಾದೆಯಿಂದ ಹೇಳುತ್ತದೆ. ಅದರಲ್ಲಿ ಕೂತು ಯಾರೂ ಅಪಘಾತದಲ್ಲಿ ಸತ್ತದ್ದು ನನಗೆ ತಿಳಿದಂತೆ ಇಲ್ಲ. ನಿಮ್ಮ ಕಾಲದ ರಸ್ತೆಗಳಲ್ಲಿ ದಿನಾ ಎಷ್ಟು ಜನ ಸಾಯುತ್ತಿದ್ದರೆಂದು ಓದಿದಾಗ ಪುಸ್ತಕವನ್ನು ಮುಚ್ಚಿಟ್ಟುಬಿಟ್ಟೆ. ನಮ್ಮನ್ನು ದಡ್ಡರೆಂದು ತಿಳಿಯಬೇಡಿ.

ಈ ಒಯ್ಯುಗಗಳು ಬಂದ ಹೊಸದರಲ್ಲಿ, ಹೆದರಿದ ಜನ ಸಿಕ್ಕಿದ್ದನ್ನು ಹಿಡಿದೆಳೆದು, ಬಾಗಿಲು ತೆರೆದು ಹಾರಿ ಅನಾಹುತ ಮಾಡಿಕೊಳ್ಳುತ್ತಿದ್ದರಂತೆ. ಅದಕ್ಕಾಗಿ ಮಡಿಲುಗೈ ಎಂಬ ಪಾಠ ಶುರುವಾಯಿತು. ಹೆದರಿಕೆಯಾದ ಕೂಡಲೇ ಎರಡೂ ಕೈ ಮಡಿಲಿಗೆ, ಪಾದ ಹಿಂದಕ್ಕೆ, ಕಣ್ಣು ಮುಚ್ಚಿ ಸುಮ್ಮನೆ ಕೂರಬೇಕು. ಮಿಕ್ಕದ್ದನ್ನು ಗಾಡಿ ನೋಡಿಕೊಳ್ಳುತ್ತದೆ. ಮೂರು ತುಂಬಿದ ಮಗುವಿಗೆ ನಾವು ಮೊದಲು ಕಲಿಸುವುದೇ ಇದನ್ನು. ಅಕ್ಷರ ಆಮೇಲೆ. ನಾನು ತರಗತಿಯ ಬಾಗಿಲನ್ನು ದಢಾರನೆ ಹಾಕಿದರೆ ನನ್ನ ಮಕ್ಕಳೆಲ್ಲ ಒಟ್ಟಿಗೆ ಕೈಗಳನ್ನು ಮಡಿಲಿಗೆ ತಂದು ಕಣ್ಣು ಮುಚ್ಚುತ್ತವೆ. ನೋಡಲು ಬಂದ ಅಧಿಕಾರಿಗಳು ಭೇಷ್ ಅನ್ನುತ್ತಾರೆ. ಈ ಪಾಠದಲ್ಲಿ ನಮ್ಮ ಸೀಮೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಜಂಬದ ಮಾತಲ್ಲ, ಇದ್ದದ್ದನ್ನು ಹೇಳಿದೆ.

ನನ್ನ ತಂಗಿ ಗುರುಮಲ್ಲಿ ಹೋದ ವರ್ಷ ಹೆರಿಗೆಗೆಂದು ಒಯ್ಯುಗ ಹತ್ತಿದಳು. ನಮ್ಮ ಆಸ್ಪತ್ರೆಯಿರುವುದು ಬೆಟ್ಟದ ಮೇಲೆ. ಬಯಲಿನ ಧಗೆ ತಾಳಲಾರದೆ ದೊಡ್ಡ ಕಟ್ಟಡಗಳೆಲ್ಲ ಮೇಲೆ ಹೋಗಿವೆ, ನಮ್ಮಂಥವರು ಕೆಳಗೇ ಉಳಿದಿದ್ದೇವೆ. ಒಯ್ಯುಗಗಳು ಹೋಗುವ ಸುತ್ತುದಾರಿಯಲ್ಲಿ ಅರ್ಧ ದಿನ ಹಿಡಿಯುತ್ತದೆ. ಆವತ್ತು ನಡುದಾರಿಯಲ್ಲಿ ಧೂಳುಗಾಳಿ ಎದ್ದಿತು. ಒಯ್ಯುಗ ನಿಂತಿತು. ದಯವಿಟ್ಟು ಕಾಯಿರಿ ಎಂದಿತು. ಗುರುಮಲ್ಲಿ, ಅವಳ ಗಂಡ ನಾಗಮಲ್ಲ, ನಾನು, ಮೂವರೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾದೆವು. ಅವಳು ನೋವಿನಲ್ಲೂ ಕೈ ಎತ್ತಲಿಲ್ಲ. ಗಾಳಿ ನಿಲ್ಲುವಷ್ಟರಲ್ಲಿ ಮಗು ಅಲ್ಲೇ ಹುಟ್ಟಿ, ಅಳದೆ, ಹೋಗಿಬಿಟ್ಟಿತು. ಆಮೇಲೆ ಒಯ್ಯುಗ ಕಾದದ್ದಕ್ಕೆ ವಂದನೆ ಹೇಳಿ ನಮ್ಮನ್ನು ಜೋಪಾನವಾಗಿ ಆಸ್ಪತ್ರೆ ಮುಟ್ಟಿಸಿತು. ನನ್ನ ಹೊಟ್ಟೆಯಲ್ಲಿ ಆವತ್ತು ಎದ್ದ ಬೆಂಕಿ ಇನ್ನೂ ಆರಿಲ್ಲ. ಗುರುಮಲ್ಲಿ ಮಾತ್ರ ಒಯ್ಯುಗದ ಮೇಲೆ ಒಂದು ಮಾತೂ ಆಡಲಿಲ್ಲ. ತನ್ನ ಹಣೆಬರಹ ಅಂದಳು, ನಾವು ಸುಮ್ಮನೆ ಕೂತದ್ದರಿಂದ ನಾವಾದರೂ ಉಳಿದೆವು ಅಂದಳು.

ಅವಳು ಮತ್ತೆ ಬಸುರಿಯಾದಾಗ ನಾನು ದುಂಡಮ್ಮತ್ತೆಯ ಮನೆಗೆ ಹೋದೆ. ಅವಳು ನನ್ನ ಅಪ್ಪನ ಅಕ್ಕ. ನಿಮ್ಮ ಗಾಡಿ ಅವಳ ಕೊಟ್ಟಿಗೆಯಲ್ಲಿತ್ತು. ಬೆಲ್ಲದಿಂದ ಭಟ್ಟಿ ಇಳಿಸಿದ ಸ್ಪಿರಿಟ್ ಕುಡಿಸಿ ಅದನ್ನು ವರ್ಷಕ್ಕೆ ನಾಲ್ಕಾರು ಸಲ ಅಂಗಳದಲ್ಲಿ ಓಡಿಸಿ, ಊರೆಲ್ಲ ಸಾರಾಯಿ ವಾಸನೆ ಎಬ್ಬಿಸುವುದು ಅವಳ ಶೋಕಿ. ಹಳೆಯ ಘಾಟಿ ದಾರಿ ನಮ್ಮೂರಿನಿಂದ ನೆಟ್ಟಗೆ ಆಸ್ಪತ್ರೆಗೇ ಹತ್ತುತ್ತದೆ. ಗುಡ್ಡ ಕುಸಿದ ವರ್ಷ ಅದನ್ನು ನಕಾಶೆಯಿಂದ ಇಳಿಸಿದರು, ಮಣ್ಣು ತೆಗೆದ ಮೇಲೆ ಮತ್ತೆ ಏರಿಸಲಿಲ್ಲ. ಅಲ್ಲಿ ಏನು ಓಡಿದರೂ ಕೇಳುವವರಿಲ್ಲ, ಏಕೆಂದರೆ ಕಾಗದದಲ್ಲಿ ಆ ದಾರಿಯೇ ಇಲ್ಲ. ಅತ್ತೆಯ ವಯಸ್ಸಿಗೆ ಆ ಏರು ಆಗದ ಮಾತು. ನಾನು ಓಡಿಸುವುದು ಕಲಿಯಬೇಕು ಎಂದಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀನು? ಬಾಗ್ಲು ಬಡುದ್ರೆ ಕಣ್ ಮುಚ್ಕಳವಳು ನೀನು! ನಿನ್ ಕೈಲಾಯ್ತದಾ?"

"ಆಗ್ಬೇಕು ಅತ್ತೆ. ಇನ್ನೊಂದು ಮಗೂನ ಹಂಗೇ ಕೂತ್ಕಂಡು ಕಳ್ಕಳಕಾಗಲ್ಲ."

ಅವಳು ಒಳಗೆ ಹೋಗಿ ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ಗಾಡಿಯಲ್ಲಿ ಕೂರುವಾಗ ಅವಳಿಗೆ ಅದು ಬೇಕೇ ಬೇಕು.

ಸಮತಟ್ಟಿನಲ್ಲಿ ಓಡಿಸುವುದನ್ನು ಬೇಗನೆ ಕಲಿತೆ. ಘಾಟಿಯ ಮೊದಲೆರಡು ತಿರುವುಗಳನ್ನು ನಿಲ್ಲದೆ ಹತ್ತುವುದೂ ಬಂತು. ಬಾರದೆ ಉಳಿದದ್ದು ಒಂದೇ: ಏರಿನಲ್ಲಿ ನಿಂತ ಗಾಡಿಯನ್ನು ಹಿಂದೆ ಜಾರದ ಹಾಗೆ ಹೊರಡಿಸುವುದು. ಅದನ್ನು ತಪ್ಪಿಸುವ ಹಾಗೂ ಇರಲಿಲ್ಲ. ಮೂರನೆಯ ತಿರುವಿನಲ್ಲಿ, ಎಲ್ಲಕ್ಕಿಂತ ಕಡಿದಾದ ಜಾಗದಲ್ಲೇ, ಆನೆಗೇಟು ಇದೆ. ಆನೆಗಳು ಕೆಳಗಿನ ಹೊಲಗಳಿಗೆ ಇಳಿಯದಿರಲೆಂದು ಕಾಡಂಚಿಗೆ ಹಾಕಿದ ಕಬ್ಬಿಣದ ಬೇಲಿಗೆ ಅದೊಂದೇ ಬಾಗಿಲು. ಅಲ್ಲಿ ನಿಂತು, ಒಬ್ಬರು ಇಳಿದು ಗೇಟು ತೆಗೆಯಬೇಕು. ಗಾಡಿ ದಾಟಿದ ಮೇಲೆ ಗೇಟು ಹಾಕಬೇಕು. ಹಾಕದೆ ಹೋದವರನ್ನು ನಮ್ಮೂರಿನಲ್ಲಿ ಯಾರೂ ಕ್ಷಮಿಸುವುದಿಲ್ಲ, ಸಾಯುವ ಅವಸರದಲ್ಲಿದ್ದರೂ ಹಾಕಿಯೇ ಹೋಗುತ್ತಾರೆ. ಗೇಟು ಹಾಕಿದವರು ಮತ್ತೆ ಹತ್ತಿಕೊಳ್ಳಲು ಗಾಡಿ ಇನ್ನೊಮ್ಮೆ ಏರಿನಲ್ಲೇ ನಿಲ್ಲಬೇಕು. ಅಂದರೆ ಎರಡು ಸಲ ನಿಲ್ಲಬೇಕು, ಎರಡು ಸಲ ಹೊರಡಬೇಕು.

ಊರ ಹಿಂದಿನ ಹಳೇ ಕಲ್ಲುಗಣಿಯ ಏರಿನಲ್ಲಿ ಅಭ್ಯಾಸ ನಡೆಯಿತು. ಗಾಡಿಯ ಹ್ಯಾಂಡ್ ಬ್ರೇಕಿನ ತಂತಿ ಯಾವ ಕಾಲಕ್ಕೋ ಹರಿದುಹೋಗಿತ್ತು, ಎಲ್ಲವನ್ನೂ ಎರಡು ಕಾಲಿನಲ್ಲೇ ಮಾಡಬೇಕು. ನಾಗಮಲ್ಲ ಹಿಂದೆ ನಿಂತು ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಒಳಗೆ ಅತ್ತೆ ನನ್ನ ಪಕ್ಕದಲ್ಲಿ ಕೂತು ಎಲೆಯಡಿಕೆ ಮೆಲ್ಲುತ್ತ ಅಪ್ಪಣೆ ಕೊಡುತ್ತಿದ್ದಳು. ಕಲಿಸುವ ವಿದ್ಯೆ ಅವಳಿಗೆ ಎಳ್ಳಷ್ಟೂ ಇಲ್ಲ. ಕ್ಲಚ್ಚನ್ನು ಎಷ್ಟು ಎತ್ತಬೇಕು ಎಂದು ಕೇಳಿದರೆ "ಗೊತ್ತಾಯ್ತದೆ ಸುಮ್ನಿರು" ಅನ್ನುವಳು. ಬ್ರೇಕಿನಿಂದ ಕಾಲು ಯಾವಾಗ ತೆಗೆಯಬೇಕು ಎಂದರೆ "ತೆಗೀಬೇಕು ಅನ್ಸದಾಗ ತೆಗಿ" ಅನ್ನುವಳು. ತಾನೇ ತೋರಿಸಲು ಹೋಗಿ ಎಂಜಿನ್ ಆಫ್ ಆದರೆ ನಾನು ಪಕ್ಕದಲ್ಲಿ ಉಸಿರಾಡಿದ್ದೇ ಕಾರಣವೆಂದು ಜಗಳ ತೆಗೆಯುವಳು. ನನ್ನ ಶಾಲೆಯಲ್ಲಿ ಹೀಗೆ ಪಾಠ ಮಾಡಿದರೆ ಒಂದೇ ವಾರಕ್ಕೆ ಮನೆಗೆ ಕಳಿಸುತ್ತಾರೆ.

ನನ್ನ ತೊಂದರೆ ಬೇರೆಯದು. ಬ್ರೇಕಿನಿಂದ ಕಾಲು ತೆಗೆದ ಕ್ಷಣ ಗಾಡಿ ಒಂದು ಗೇಣು ಹಿಂದಕ್ಕೆ ಸರಿಯುತ್ತದೆ. ಅಷ್ಟೇ, ನಾನು ಅಂದುಕೊಳ್ಳುವ ಮೊದಲೇ ಕೈಗಳೆರಡೂ ಮಡಿಲಿಗೆ ಬಂದು ಕೂರುತ್ತವೆ, ಪಾದಗಳು ಹಿಂದಕ್ಕೆ ಸರಿಯುತ್ತವೆ, ಕಣ್ಣು ಮುಚ್ಚಿಕೊಳ್ಳುತ್ತವೆ. ಯಾರೂ ಹಿಡಿಯದ ಗಾಡಿ ಕಲ್ಲಿನ ಮೇಲೆ ಧೊಪ್ಪನೆ ಹೋಗಿ ಕೂರುತ್ತದೆ. ಹೀಗೊಮ್ಮೆ ಕಲ್ಲು ಹೊರಳಿ ನಾಗಮಲ್ಲನ ಹೆಬ್ಬೆರಳಿನ ಉಗುರು ಹೋಯಿತು. ನಿಮಗೆ ಇದನ್ನು ಓದಿ ನಗು ಬರಬಹುದು. ಹೆದರಿದವಳು ಗಾಡಿಯನ್ನು ಇನ್ನೂ ಗಟ್ಟಿಯಾಗಿ ಹಿಡಿಯಬೇಕಲ್ಲವೇ ಎಂದು ಕೇಳುತ್ತೀರಿ. ನಮ್ಮ ಮೈಗೆ ಅದು ಗೊತ್ತಿಲ್ಲ. ಮೂರು ವರ್ಷದ ಮಗುವಾಗಿದ್ದಾಗಿನಿಂದ ಹೆದರಿಕೆಯ ಜೊತೆಗೇ ಆ ಭಂಗಿಯನ್ನೂ ನಮಗೆ ಹೊಲಿದುಬಿಟ್ಟಿದ್ದಾರೆ. ಸಂಜೆ ಮನೆಗೆ ಬಂದು ನಾನು ಅಳುತ್ತಿದ್ದೆ. ಗುರುಮಲ್ಲಿಯ ಹೊಟ್ಟೆ ದಿನದಿನಕ್ಕೆ ಮುಂದೆ ಬರುತ್ತಿತ್ತು.

ಕೊನೆಗೆ ಅತ್ತೆಗೇ ಒಂದು ಉಪಾಯ ಹೊಳೆಯಿತು. ಒಂದು ದಿನ ನಾನು ಸೀಟಿನಲ್ಲಿ ಕೂತ ಕೂಡಲೇ ಹಿತ್ತಲಿನಿಂದ ದೊಡ್ಡದೊಂದು ಕುಂಬಳಕಾಯಿ ತಂದು ನನ್ನ ಮಡಿಲಿಗೆ ಹೇರಿದಳು. "ಈಗ್ ಬತ್ತವೇನೋ ನೋಡವ ನಿನ್ ಕೈಗೊಳು" ಅಂದಳು. ಗಾಡಿ ಹಿಂದಕ್ಕೆ ಸರಿಯಿತು, ಕೈಗಳು ಮಡಿಲಿಗೆ ಓಡಿಬಂದವು, ಕುಂಬಳಕಾಯಿಗೆ ತಾಗಿದವು, ಕೂರಲು ಜಾಗವಿಲ್ಲದೆ ಮತ್ತೆ ಸ್ಟೇರಿಂಗಿಗೆ ಹೋದವು. ಕಣ್ಣೂ ತೆರೆದೇ ಇತ್ತು. ಆ ಹೊತ್ತಿನಲ್ಲೇ ನನಗೆ ಅದು ಮೊದಲ ಸಲ ತಿಳಿಯಿತು. ಎಡಗಾಲು ನಿಧಾನವಾಗಿ ಮೇಲೆ ಬರುವಾಗ ಒಂದು ಕಡೆ ಎಂಜಿನ್ನಿನ ದನಿ ತಗ್ಗುತ್ತದೆ, ಸೀಟಿನ ಅಡಿಯಲ್ಲಿ ಸಣ್ಣದೊಂದು ನಡುಕ ಹುಟ್ಟುತ್ತದೆ, ಗಾಡಿಯ ಮೂತಿ ಚೂರೇ ಎದ್ದು, ಹಗ್ಗ ಜಗ್ಗಿದ ಹೋರಿಯ ಹಾಗೆ ನಿಂತಲ್ಲೇ ಬಿಗಿಯುತ್ತದೆ. ಅಲ್ಲೇ ಕಾಲನ್ನು ತಡೆದು, ಬ್ರೇಕು ಬಿಟ್ಟು, ಆಕ್ಸಿಲರೇಟರ್ ಒತ್ತಬೇಕು. ಅತ್ತೆ ಅದಕ್ಕೆ ಹಾಫ್ ಕ್ಲಚ್ ಎನ್ನುತ್ತಾಳೆ, ನಿಮಗೆ ಬಳಕೆಯ ಪದವಿರಬೇಕು. ಗಾಡಿ ಏರಿತು. ಹಿಂದೆ ನಾಗಮಲ್ಲ ಕಲ್ಲು ಎಸೆದು ಕುಣಿದ. ಅಷ್ಟು ಭಾರವಾದದ್ದು ನನ್ನ ಕಾಲಿನ ಮಾತು ಕೇಳಿತಲ್ಲ ಎಂದು ನನಗಾದ ಸಂತೋಷವನ್ನು ಯಾರಿಗೂ ವಿವರಿಸಲಾರೆ. ನಿಮಗೆ ವಿವರಿಸಬೇಕಾಗಿಲ್ಲ.

ಗುರುಮಲ್ಲಿಗೆ ನೋವು ಬಂದದ್ದು ಎಣಿಸಿದ್ದಕ್ಕಿಂತ ಮುಂಚೆ, ನಡುಮಧ್ಯಾಹ್ನ, ಟಾರು ಕರಗುವ ಹೊತ್ತಿನಲ್ಲಿ. ಆ ಹೊತ್ತಿಗೆ ಯಾವ ಒಯ್ಯುಗವೂ ಬರುವುದಿಲ್ಲ. ಅವಳಿಗೆ ನಿಮ್ಮ ಗಾಡಿ ಹತ್ತಲು ಇಷ್ಟವಿರಲಿಲ್ಲ. ಗಂಡನೇ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದ. ಅತ್ತೆ ಜಗಲಿಯಲ್ಲೇ ಉಳಿದಳು, ಅವಸರದಲ್ಲಿ ಕುಂಬಳಕಾಯಿಯೂ ಅಲ್ಲೇ ಉಳಿಯಿತು. ಗೇಟಿನ ಮುಂದೆ ಮೊದಲ ಸಲ ಸರಿಯಾಗಿಯೇ ಹೊರಡಿಸಿದೆ, ಚಕ್ರಕ್ಕೆ ನಾಗಮಲ್ಲನ ಕಲ್ಲಿತ್ತು. ಗೇಟು ದಾಟಿ ಸ್ವಲ್ಪ ಮೇಲೆ ಬ್ರೇಕು ತುಳಿದು ನಿಂತೆ. ಅವನು ಹಿಂದೆ ಉಳಿದು ಗೇಟನ್ನು ಎಳೆದು ಸರಪಳಿ ಹಾಕುತ್ತಿದ್ದ. ಎಂಜಿನ್ ಗೊರಗೊರ ಅಂದು ಆಫ್ ಆಯಿತು. ಗಾಬರಿಯಲ್ಲಿ ನನ್ನ ಪಾದ ಬ್ರೇಕಿನ ಮೇಲೆ ಸಡಿಲವಾಯಿತು, ಗಾಡಿ ಹಿಂದಕ್ಕೆ ಹೊರಟಿತು. ಹಿಂದೆ ಗೇಟು, ಗೇಟಿನ ಮುಂದೆ ನಮಗೆ ಬೆನ್ನು ಕೊಟ್ಟು ನಾಗಮಲ್ಲ.

ಹಿಂದಿನ ಸೀಟಿನಿಂದ ಗುರುಮಲ್ಲಿ ಚೀರಿದಳು. "ಅಕ್ಕಾ, ಕೈ ಮಡ್ಲಿಗೆ! ಕೈ ಮಡ್ಲಿಗೆ ಇಡಕ್ಕಾ!"

ಚೀರಿದ್ದಷ್ಟೇ ಅಲ್ಲ, ಆ ಸ್ಥಿತಿಯಲ್ಲೂ ಎದ್ದು ಮುಂದಕ್ಕೆ ಬಾಗಿ ನನ್ನೆರಡು ತೋಳು ಹಿಡಿದು ಸ್ಟೇರಿಂಗಿನಿಂದ ಕೀಳಲು ನೋಡಿದಳು. ನಮ್ಮನ್ನು ಉಳಿಸಬೇಕೆಂದೇ ಅವಳು ಹಾಗೆ ಮಾಡಿದ್ದು. ನನ್ನ ಮೈಯೂ ಅವಳ ಮಾತನ್ನೇ ಕೇಳಲು ಹೊರಟಿತ್ತು, ರೆಪ್ಪೆಗಳು ಅರ್ಧ ಇಳಿದಿದ್ದವು. ನಾನು ಮೊಣಕೈಯಿಂದ ಅವಳನ್ನು ಹಿಂದಕ್ಕೆ ತಳ್ಳಿದೆ. ಅದು ಅವಳ ಬಾಯಿಗೆ ಬಡಿದು ತುಟಿ ಒಡೆಯಿತು. ಬ್ರೇಕನ್ನು ಎರಡೂ ಕಾಲಿನಲ್ಲಿ ತುಳಿದೆ. ಗಾಡಿ ನಿಂತಾಗ ನಾಗಮಲ್ಲ ಗೇಟಿಗೂ ಗಾಡಿಗೂ ನಡುವೆ ಅಡ್ಡಡ್ಡ ತಿರುಗಿ ನಿಂತಿದ್ದ, ಅವನ ಎದೆಯುಬ್ಬಲು ಕೂಡ ಜಾಗವಿರಲಿಲ್ಲ. ನಾನು ಎಂಜಿನ್ ಶುರು ಮಾಡಿ, ನಿಮ್ಮ ಗುಳಿಯಲ್ಲಿ ಪಾದವಿಟ್ಟು, ದನಿ ತಗ್ಗುವವರೆಗೆ ಎತ್ತಿದೆ. ಹಿಂದೆ ಅವಳು ಅಳುತ್ತಿದ್ದಳು. ಗಾಡಿ ಬಿಗಿಯಿತು. ಹಿಂದಕ್ಕೆ ಒಂದು ಬೆರಳಿನಷ್ಟು ಸರಿದರೂ ನಾಗಮಲ್ಲ ಉಳಿಯುತ್ತಿರಲಿಲ್ಲ. ಸರಿಯಲಿಲ್ಲ. ಮೇಲೆ ಹೋಯಿತು.

ನಾಗಮಲ್ಲ ಓಡಿಬಂದು ನಿಲ್ಲದ ಗಾಡಿಯನ್ನೇ ಹತ್ತಿಕೊಂಡ. ಆಸ್ಪತ್ರೆ ಸೇರಿದ ಸ್ವಲ್ಪ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಕೆಂಡದಂಥ ಸಿಟ್ಟಿನಿಂದ ಅಳುತ್ತಿತ್ತು. ನಾನು ಬಾಗಿಲಿನಿಂದ ಅದರ ಮುಖ ನೋಡಿದೆ. ಒಳಗೆ ಹೋಗಲು ಗುರುಮಲ್ಲಿ ಬಿಡಲಿಲ್ಲ.

ತುಟಿಗೆ ಏನಾಯಿತೆಂದು ಅಲ್ಲಿಯವರು ಕೇಳಿದಾಗ ಅವಳು ಇದ್ದದ್ದನ್ನೇ ಹೇಳಿದಳು. ಅಕ್ಕನಿಗೆ ಹೆದರಿಕೆಯಾಯಿತು, ಆದರೂ ಕೈ ಮಡಿಲಿಗೆ ತರಲಿಲ್ಲ, ತರಿಸಲು ಹೋದ ನನ್ನನ್ನು ಹೊಡೆದಳು. ಅವಳು ಸುಳ್ಳು ಹೇಳುತ್ತಿಲ್ಲ. ಎಲ್ಲರೂ ಸುಮ್ಮನೆ ಕೂತಿದ್ದರೆ ಗಾಡಿ ತಾನೇ ನಿಲ್ಲುತ್ತಿತ್ತು ಎಂದು ಅವಳು ಇವತ್ತಿಗೂ ನಂಬಿದ್ದಾಳೆ. ನಿಲ್ಲುತ್ತಿರಲಿಲ್ಲ ಎಂದು ನಾಗಮಲ್ಲ ಅವಳಿಗೆ ಹೇಳಿದ. ನೀನು ಹಿಂದೆ ಇದ್ದೆ, ನಿನಗೇನು ಗೊತ್ತು ಅಂದಳು. ಅವನು ಹಿಂದೆ ಇದ್ದದ್ದಕ್ಕೇ ಅವನಿಗೆ ಗೊತ್ತು ಎಂಬುದು ಅವಳಿಗೆ ಹೊಳೆಯುವುದೇ ಇಲ್ಲ. ದಾರಿ ಇಲಾಖೆಯವರು ಬಂದರು. ಒಳ್ಳೆಯ ಜನ, ದನಿ ಎತ್ತಿ ಮಾತಾಡಲಿಲ್ಲ. ಗಾಡಿ ಒಡೆಯುತ್ತೇವೆ, ಘಾಟಿಗೆ ಬಂಡೆ ಅಡ್ಡ ಹಾಕುತ್ತೇವೆ, ನೀವು ಎಲ್ಲರೆದುರು ಮಡಿಲುಗೈಯ ಪ್ರಮಾಣ ಮಾಡಬೇಕು ಎಂದರು. ಮಾಡುವುದಿಲ್ಲ ಎಂದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ನಾಗಮಲ್ಲ ತಂಗಿಯ ಮಾತು ತಂದ: "ಅಕ್ಕ ಪ್ರಮಾಣ ಮಾಡ್ಲಿ. ಮಾಡ್ದ ದಿನ ಮಗೂನ ನಾನೇ ಅವಳ್ ಮಡ್ಲಿಗೆ ಹಾಕ್ತೀನಿ. ಅಲ್ಲೀಗಂಟ ಮುಟ್ಟಕೂಡ್ದು."

ಅತ್ತೆ ಮೊನ್ನೆಯಿಂದ ಕೊಟ್ಟಿಗೆಯಲ್ಲಿ ಗಾಡಿಯೊಳಗೇ ಕೂತಿದ್ದಾಳೆ, ಕಪ್ಪು ಕನ್ನಡಕ ಹಾಕಿಕೊಂಡು. ಊಟವನ್ನೂ ಅಲ್ಲಿಗೇ ತರಿಸಿಕೊಳ್ಳುತ್ತಾಳೆ. ನಾನು ಒಪ್ಪಿಕೊಂಡೆನೆಂದು ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ನಿಮ್ಮಲ್ಲಿ ಒಂದು ಬೇಡಿಕೆ. ಹಿಂದಿನ ಸೀಟಿನ ಕಿಟಕಿಯ ಕೆಳಗೆ, ಕೂತ ಮಗುವಿನ ಕೈಗೆ ಎಟುಕುವಷ್ಟು ಎತ್ತರದಲ್ಲಿ, ಚಿಟ್ಟೆಯ ಚಿತ್ರವೊಂದನ್ನು ಯಾರೋ ಓರೆಯಾಗಿ ಅಂಟಿಸಿದ್ದಾರೆ. ಅದು ನಿಮ್ಮ ಮಗುವಿರಬೇಕು. ಇನ್ನೊಮ್ಮೆ ಏರಿನಲ್ಲಿ ನಿಲ್ಲಬೇಕಾಗಿ ಬಂದಾಗ ಅದನ್ನು ಮುಂದೆ ಕರೆದು ನಿಮ್ಮ ಕಾಲುಗಳನ್ನು ತೋರಿಸಿ. ಗಾಡಿ ಬಿಗಿಯುವಾಗ ಅದರ ಕೈಯನ್ನು ಗೇರಿನ ಮೇಲಿಟ್ಟು ಆ ನಡುಕ ಗೊತ್ತಾಗುವ ಹಾಗೆ ಮಾಡಿ. ಹಿಂದೆ ಒಬ್ಬ ಮನುಷ್ಯ ನಿಂತಿರುತ್ತಾನೆ, ನಾವು ಕಣ್ಣು ಮುಚ್ಚಿದರೆ ಅವನು ಸಾಯುತ್ತಾನೆ ಎಂದು ಹೇಳಿ. ಅದು ತನ್ನ ಮಕ್ಕಳಿಗೆ ಹೇಳಲಿ. ಎಲ್ಲಾದರೂ ಒಂದು ಕಡೆ ಆ ಮಾತು ನಮ್ಮವರೆಗೆ ಉಳಿದಿದ್ದರೆ ನನ್ನ ತಂಗಿ ಇವತ್ತು ನನ್ನನ್ನು ನಂಬುತ್ತಿದ್ದಳು.

ಸೋಮವಾರ ನಾನು ಪ್ರಮಾಣ ಮಾಡುತ್ತೇನೆ. ಮಗುವನ್ನು ಎತ್ತಿಕೊಳ್ಳದೆ ಇರಲಾರೆ, ಅದಕ್ಕಿಂತ ದೊಡ್ಡ ಕಾರಣ ನನಗಿಲ್ಲ. ಮೂರು ತುಂಬಿದ ಮೇಲೆ ಅವಳನ್ನು ನನ್ನ ಶಾಲೆಗೇ ಕಳಿಸುತ್ತಾರೆ, ಊರಿನಲ್ಲಿರುವುದು ಅದೊಂದೇ. ನಾನು ಬಾಗಿಲನ್ನು ದಢಾರನೆ ಹಾಕಬೇಕು, ಅವಳು ಆ ಪುಟ್ಟ ಕೈಗಳನ್ನು ಮಡಿಲಿಗೆ ತಂದು ಕಣ್ಣು ಮುಚ್ಚಬೇಕು. ಒಂದು ಮಗುವಿಗೂ ಇಲ್ಲಿಯವರೆಗೆ ನಾನು ಅದನ್ನು ಕಲಿಸಲಾಗದೆ ಸೋತದ್ದಿಲ್ಲ. ಇವಳಿಗೆ ಕಲಿಸುವಾಗ ಸೋಲುವಂತೆ ಹರಸಿ.

ನಿಮ್ಮ ಗುಳಿಯಲ್ಲಿ ಕಾಲಿಟ್ಟವಳು,
ಕೆಂಪಮಣಿ